ಗೋಡೆಯ ಮೇಲಿನ ಗೆರೆ

ಗೋಡೆಗೆ ಗಿಲಾವು ಮಾಡುವುದನ್ನು ಕುರಿತು ಪ್ರಬಂಧ ಬರೆಯುವವನಿಗೆ ಬೇರೆ ಕೆಲಸವಿಲ್ಲವೆಂದು ನೀವು ಭಾವಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ನಿವೃತ್ತನಾದ ಶಾಲಾಮಾಸ್ತರನಿಗೆ ನಿಜವಾಗಿಯೂ ಬೇರೆ ಕೆಲಸವಿರುವುದಿಲ್ಲ. ಆದರೆ ಮೂವತ್ತು ವರ್ಷ ಇತರರಿಗೆ ಪಾಠ ಹೇಳಿದ ನಾನು ಒಂದು ಗೋಡೆಯ ಮುಂದೆ ನಿಂತು ಪಾಠ ಹೇಳಿಸಿಕೊಳ್ಳಬೇಕಾಗಿ ಬಂದಿತು. ಅದನ್ನು ಮುಚ್ಚಿಡುವುದು ಸರಿಯಲ್ಲವೆನಿಸಿ ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿನ ಹಳ್ಳಿ. ದೂರದ ಸಹ್ಯಾದ್ರಿಯಲ್ಲಿ ಮಳೆ ಹೊಡೆದರೆ, ನಮ್ಮಲ್ಲಿ ಹನಿ ಬೀಳದಿದ್ದರೂ ಹೊಳೆ ಏರುತ್ತದೆ. 2005ರಲ್ಲಿ ಹಾಗೆ ಏರಿತ್ತು. 2019ರ ಆಗಸ್ಟ್ ತಿಂಗಳಲ್ಲಿಯಂತೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹೊಳೆದಂಡೆಯ ಎಷ್ಟೋ ಊರುಗಳು ಕೃಷ್ಣೆ, ದೂಧಗಂಗೆ, ವೇದಗಂಗೆಯರ ಕೆಂಪುನೀರಿನಲ್ಲಿ ನಿಂತವು. ನಮ್ಮ ಮನೆಯ ಮುಂಭಾಗ ಬಿದ್ದುದು ನೀರು ಏರಿದಾಗಲ್ಲ, ಇಳಿದ ಮೇಲೆ. ತೊಯ್ದ ಮಣ್ಣಿನ ಗೋಡೆಗೆ ತನ್ನ ಭಾರವನ್ನು ತಾನೇ ಹೊರಲಾಗಲಿಲ್ಲ. ಹಿಂದಿನ ಕೋಣೆಯ ಕಲ್ಲುಗೋಡೆ ಮಾತ್ರ ಉಳಿಯಿತು. ಅದರ ಮೇಲೆ ಎದೆಯೆತ್ತರದಲ್ಲಿ ನೀರು ಎಳೆದ ಗೆರೆಯೂ ಉಳಿಯಿತು.

ಮುಂಭಾಗವನ್ನು ಸಿಮೆಂಟಿನ ಬ್ಲಾಕುಗಳಿಂದ ಕಟ್ಟಿಸಿದೆವು. ಗೋಡೆ ಕಟ್ಟುವವನಿಗೆ ನಮ್ಮ ಕಡೆ ಗವಂಡಿ ಎನ್ನುತ್ತಾರೆ. ನಮಗೆ ದೊರೆತ ಗವಂಡಿ ನನ್ನ ಹಳೆಯ ವಿದ್ಯಾರ್ಥಿಯೇ. ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟವನು. ಅಕ್ಷರ ಸೊಟ್ಟಗಿವೆಯೆಂದು ಅವನ ಅಂಗೈಗೆ ನಾನು ಎಷ್ಟು ಪೆಟ್ಟು ಕೊಟ್ಟಿದ್ದೆನೋ ಲೆಕ್ಕವಿಲ್ಲ. ಅದೇ ಅಂಗೈಯಲ್ಲಿ ಈಗ ಥಾಪಿ ಇತ್ತು.

ಪುಣೆಯಲ್ಲಿರುವ ನನ್ನ ಮಗ ಹೊರಗೋಡೆಗೆ ಅಕ್ರಿಲಿಕ್ ಗಿಲಾವೇ ಆಗಬೇಕೆಂದು ಹಟ ಹಿಡಿದು ಡಬ್ಬಿಗಳನ್ನು ಕಳುಹಿಸಿಕೊಟ್ಟ. ಮುಚ್ಚಳ ತೆರೆದರೆ ಗಟ್ಟಿ ಮೊಸರಿನಂತಹ, ನಯವಾದ ಮರಳು ಬೆರೆತ ಹಿಟ್ಟು. ನಾವು ಬಲ್ಲ ಗಿಲಾವುಗಳ ಜಾತಿ ಬೇರೆ. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುತ್ತದೆ. ಆದುದರಿಂದ ಅದಕ್ಕೆ ದಿನವೂ ನೀರುಣಿಸಬೇಕು. ಸುಣ್ಣ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ವಿಜಯಪುರದ ಗೋಳಗುಮ್ಮಟವನ್ನು 17ನೆಯ ಶತಮಾನದಲ್ಲಿ ಕಟ್ಟಿದವರು ಬಳಸಿದುದು ಸುಣ್ಣದ ಗಾರೆಯನ್ನೇ. ಅಕ್ರಿಲಿಕ್ಕಿನ ಕಥೆ ಇವೆರಡಕ್ಕೂ ವಿರುದ್ಧ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರಾಳದ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿಹೋದಂತೆ ಕಣಗಳು ಒಂದಕ್ಕೊಂದು ಅಂಟಿ ಪೊರೆಯಾಗುತ್ತವೆ. ಒಮ್ಮೆ ಪೊರೆಯಾದುದು ನೀರು ಚಿಮುಕಿಸಿದರೆ ಮತ್ತೆ ಹಿಟ್ಟಾಗುವುದಿಲ್ಲ.

“ಸುಣ್ಣಾ ನಮ್ಮ ತಪ್ಪ ಸಂಜೀತನಕಾ ತಿದ್ದಗೊಡತೈತ್ರಿ ಸರ. ಇದು ಹಂಗ ಕಾಯೂದಿಲ್ಲ” ಎಂದ ಗವಂಡಿ.

ನನಗೆ ಗೋಡೆ ಕನ್ನಡಿಯಂತಾಗಬೇಕೆಂಬ ಆತುರ. ಅವನು ಸಿಮೆಂಟಿನ ಗಿಲಾವು ಮುಗಿದ ಮೇಲೆಯೂ 28 ದಿನ ಡಬ್ಬಿ ಮುಟ್ಟಲಿಲ್ಲ. ಹಸಿ ಸಿಮೆಂಟಿನ ಕ್ಷಾರವೂ ತೇವವೂ ಮೇಲಿನ ಪೊರೆಯನ್ನು ಕೆಡಿಸುತ್ತವೆಯಂತೆ. ಆ ದಿನಗಳಲ್ಲಿ ಉದ್ದನೆಯ ಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿದು, ಉಬ್ಬಿದಲ್ಲಿ ತಿಕ್ಕಿ, ತಗ್ಗಿದಲ್ಲಿ ತುಂಬಿ ಸಮಮಾಡಿದ. ರಾತ್ರಿ ಬಂದು ದೀಪವನ್ನು ಗೋಡೆಯ ಪಕ್ಕಕ್ಕೇ ಹಿಡಿದು ನೋಡುತ್ತಿದ್ದ. ಎದುರಿನ ಬೆಳಕಿನಲ್ಲಿ ಕಾಣದ ತಗ್ಗುದಿನ್ನೆಗಳು ಓರೆಬೆಳಕಿನಲ್ಲಿ ನೆರಳು ಚೆಲ್ಲಿ ತಾವಾಗಿಯೇ ಸಿಕ್ಕಿಬೀಳುತ್ತಿದ್ದವು. ಮೇಲಿನ ಲೇಪವೇ ಎಲ್ಲವನ್ನೂ ಮುಚ್ಚುವುದಲ್ಲವೇ ಎಂದು ಕೇಳಿದೆ.

“ಅದು ಎರಡ ಮಿಲಿಮೀಟರ್ ದಪ್ಪರೀ ಸರ. ಗಾದಿ ಮ್ಯಾಲ ತೆಳ್ಳನ್ನ ಚಾದರ ಹಾಸಿದ್ರ ಒಳಗಿನ ಗಂಟ ಮುಚ್ಚತಾವೇನ್ರಿ?”

ಲೇಪದ ದಿನ ಅವನು ಬೆಳಗ್ಗೆಯೇ ಬಂದ. ಗೋಡೆ ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಮಧ್ಯಾಹ್ನದವರೆಗೆ ಅದರ ಮೇಲೆ ನೆರಳು. ಹಿಂದಿನ ದಿನವೇ ಪ್ರೈಮರ್ ಬಳಿದಾಗಿತ್ತು. ಬಣ್ಣದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಬಾರದೆಂದು ಡಬ್ಬಿಗಳನ್ನೆಲ್ಲ ದೊಡ್ಡ ಪಾತ್ರೆಯಲ್ಲಿ ಕಲಸಿದರು. ಇಬ್ಬರು ಉಕ್ಕಿನ ಗುರ್ಮಾಲೆಯಿಂದ ಹಚ್ಚುತ್ತ ಮುಂದೆ ಹೋದರು. ಇಬ್ಬರು ಹಿಂದಿನಿಂದ, ಲೇಪದ ಜಿಗುಟು ಸ್ವಲ್ಪ ಇಳಿಯುವ ಗಳಿಗೆ ನೋಡಿ, ಹಗುರವಾದ ಕೈಯಿಂದ ಸುತ್ತಿಸುತ್ತ ನಯಮಾಡಿದರು. ಆ ಗಳಿಗೆಗೆ ಮೊದಲು ತಿಕ್ಕಿದರೆ ಹಿಟ್ಟು ಎದ್ದುಬರುತ್ತದೆ, ಅನಂತರ ತಿಕ್ಕಿದರೆ ಹರಿಯುತ್ತದೆ. ಅದನ್ನು ಅವರು ಗಡಿಯಾರ ನೋಡಿ ಅಲ್ಲ, ಬೆರಳು ತಾಗಿಸಿ ತಿಳಿಯುತ್ತಿದ್ದರು. ಗುರ್ಮಾಲೆಯ ಅಂಚನ್ನು ಒರೆಸುತ್ತಲೇ ಇರುತ್ತಿದ್ದರು. ಒಣಗಿದ ಒಂದು ಹರಳು ಅಂಚಿಗೆ ಸಿಕ್ಕಿದರೆ ಗೋಡೆಯ ಉದ್ದಕ್ಕೂ ಗೀರು!

ಮೇಲರ್ಧ ಮುಗಿದಾಗ ಒಳಗಿನಿಂದ ಚಹಾ ಬಂದಿತು. “ಒಂದ ದಮ್ಮಿಗೆ ಮುಗಿಸಿ ಕುಡಿತೇವ್ರಿ ಸರ, ಅಂಚ ಒಣಗಬಾರ್ದು” ಎಂದು ಅವನು ಹಲಗೆಯ ಮೇಲಿನಿಂದಲೇ ಹೇಳಿದ. ಚಹಾ ಆರುತ್ತದೆ, ಮೊದಲು ಇಳಿಯಿರಿ ಎಂದು ನಾನು ಕೂಗಿದೆ. ತರಗತಿಯಲ್ಲಿ ಕೂಗುತ್ತಿದ್ದ ದನಿಯಲ್ಲಿಯೇ ಕೂಗಿದೆನೆಂದು ಆಮೇಲೆ ಹೊಳೆಯಿತು. ಅವನು ಒಂದು ಕ್ಷಣ ತಡೆದು, ತಲೆ ತಗ್ಗಿಸಿ ಇಳಿದುಬಂದ. ಕಾಲು ಗಂಟೆ ಹೋಯಿತು. ಅಂದು ಒಣಗಾಳಿ ಬೇರೆ ಬೀಸುತ್ತಿತ್ತು. ಮತ್ತೆ ಹಚ್ಚತೊಡಗಿದಾಗ ಮೇಲಿನ ಅಂಚು ಪೊರೆಗಟ್ಟಿತ್ತು. ಹೊಸ ಲೇಪ ಅದರೊಡನೆ ಕೂಡದೆ, ಗೋಡೆಯ ನಡುವೆ ಅಡ್ಡಲಾಗಿ ಒಂದು ಗೆರೆ ಎದ್ದಿತು.

ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಗೆರೆ ಸ್ಪಷ್ಟವಾಗಿ ಕಂಡಿತು. ಗವಂಡಿ ಅದನ್ನೇ ನೋಡುತ್ತ, “ತಪ್ಪ ನಂದರಿ ಸರ. ಮತ್ತೊಂದ ಕೈ ಹೊಡದ ಕೊಡತೇನಿ, ಕೂಲಿ ಬ್ಯಾಡ” ಎಂದ. ತಪ್ಪು ನನ್ನದೆಂದು ಅವನ ಆಳುಗಳ ಎದುರಿಗೆ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಹೇಳಿದೆ. ಇನ್ನೊಂದು ಕೈ ಬೇಡವೆಂದೂ, ಗೆರೆ ಹಾಗೆಯೇ ಇರಲೆಂದೂ ಹೇಳಿ ಪೂರ್ತಿ ಕೂಲಿ ಕೊಟ್ಟೆ.

ಉಳಿದ ಡಬ್ಬಿಗಳನ್ನು ಹಿಂದಿನ ಕಲ್ಲುಗೋಡೆಗೆ ಬಳಿಯೋಣವೆಂದು ಮಗ ಫೋನಿನಲ್ಲಿ ಹೇಳಿದ. ಈ ಸಲ ನಾನು ಗವಂಡಿಯನ್ನು ಕೇಳಿದೆ. ಮಣ್ಣು ತುಂಬಿ ಕಟ್ಟಿದ ಆ ಗೋಡೆ ನೆಲದ ತೇವವನ್ನು ಹೀರಿ ಮೈಯಿಂದ ಹೊರಗೆ ಬಿಡುತ್ತದೆ. ಮೇಲೆ ಪೊರೆ ಬಿಗಿದರೆ ತೇವ ಒಳಗೇ ನಿಂತು ಲೇಪ ಬೊಕ್ಕೆ ಬೊಕ್ಕೆಯಾಗಿ ಏಳುತ್ತದೆ ಎಂದ. ಅದಕ್ಕೆ ಸುಣ್ಣವನ್ನೇ ಬಳಿಸಿದೆವು. ಸುಣ್ಣದ ಅಡಿಯಿಂದ ಮಹಾಪೂರದ ಗೆರೆ ಈಗಲೂ ಮಸುಕಾಗಿ ಕಾಣುತ್ತದೆ.

ಕಳೆದ ದೀಪಾವಳಿಗೆ ಬಂದ ಮೊಮ್ಮಗಳು ಹಿಂದಿನ ಗೋಡೆಯ ಗೆರೆಯನ್ನು ಗೇಣಿನಿಂದ ಅಳೆದಳು. ಆಮೇಲೆ ಮುಂದೆ ಓಡಿಬಂದು ಹೊಸಗೋಡೆಯ ಗೆರೆಯ ಮೇಲೆ ಬೆರಳಾಡಿಸಿ, “ಅಜ್ಜಾ, ಇಲ್ಲಿತನಕಾ ಯಾವ ವರ್ಷದ ನೀರ ಬಂದಿತ್ತು?” ಎಂದು ಕೇಳಿದಳು.

“ಅದು ಹೊಳಿ ನೀರಲ್ಲವ್ವಾ, ಚಹಾ” ಎಂದೆ.