ಓದಲು ಹೋದವರು, ಊರಲ್ಲಿ ಉಳಿದವರು

ವಿದ್ಯಾರ್ಥಿದಶೆಯಲ್ಲಿ ಒಂದೇ ಕೋಣೆಯಲ್ಲಿದ್ದು, ಒಂದೇ ಬುತ್ತಿಯ ಗಂಟನ್ನು ಬಿಚ್ಚಿ ಉಂಡು, ಪರೀಕ್ಷೆ ಮುಗಿದ ಮರುದಿನ ದಿಕ್ಕುದಿಕ್ಕಿಗೆ ಚದುರಿದವರು, ಮೂವತ್ತು ನಲವತ್ತು ವರ್ಷಗಳ ತರುವಾಯ, ತಲೆ ನರೆತು, ಮಕ್ಕಳ ಮದುವೆಗಳನ್ನು ಪೂರೈಸಿ, ಮತ್ತೆ ಒಬ್ಬರನ್ನೊಬ್ಬರು ಅರಸಿಕೊಂಡು ಬರುವ ಪರಿಪಾಠವೊಂದು ನಮ್ಮ ಸೀಮೆಯ ಊರುಗಳಲ್ಲಿ ಬೇರೂರಿರುವುದು. ಚನ್ನಗಿರಿಯಾಗಲಿ ಹೊನ್ನಾಳಿಯಾಗಲಿ, ನ್ಯಾಮತಿಯಾಗಲಿ ಜಗಳೂರಾಗಲಿ, ರಜೆಯ ದಿನಗಳಲ್ಲಿ ಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ‘ಗುರುವಂದನೆ ಮತ್ತು ಸ್ನೇಹಸಮ್ಮಿಲನ’ ಎಂದು ಬರೆಸಿದ ಬ್ಯಾನರಿನ ಕೆಳಗೆ ಹಿರಿಯರು ಬಾಲಕರಂತೆ ಕಲೆತು ನಿಂತಿರುವುದನ್ನು ಕಂಡಾಗಲೆಲ್ಲ ನನ್ನ ಮನಸ್ಸು ಆರ್ದ್ರವಾಗುತ್ತದೆ.

ವಿದ್ಯೆಗಾಗಿ ಮನೆ ಬಿಟ್ಟವನಿಗೆ ದೂರವೆಂಬುದು ಮೈಲಿಗಲ್ಲುಗಳ ಲೆಕ್ಕದ್ದಲ್ಲ. ಹಾಸನದಲ್ಲಿ 1908ರಲ್ಲಿ ಜನಿಸಿದ ರಾಜಾರಾವ್ 1929ರಲ್ಲಿ ಕಡಲು ದಾಟಿ ಫ್ರಾನ್ಸಿನ ಮೊಂಪೆಲಿಯೆ ವಿಶ್ವವಿದ್ಯಾನಿಲಯವನ್ನು ಸೇರಿದರು. ಆದರೂ 1938ರಲ್ಲಿ ಅವರ ‘ಕಾಂತಾಪುರ’ ಇಂಗ್ಲಿಷಿನಲ್ಲಿ ಪ್ರಕಟವಾದಾಗ ಲೋಕವು ಕಂಡುದು ಕನ್ನಡನಾಡಿನ ಒಂದು ಹಳ್ಳಿಯನ್ನು. ಚಿತ್ರದುರ್ಗ ಸೀಮೆಯ ಸಿರಿಗೆರೆಯ ತರಳಬಾಳು ಪೀಠದ ಶಿವಮೂರ್ತಿ ಶಿವಾಚಾರ್ಯರು ಕಾಶಿಯಲ್ಲಿ ಅಧ್ಯಯನ ಮಾಡಿ, ಅಲ್ಲಿಂದ ಮುಂದೆ ವಿಯೆನ್ನಾದವರೆಗೆ ಹೋಗಿಬಂದವರು. ಇಂತಹ ಮಹಾಪ್ರಯಾಣಗಳ ಯೋಗ ಎಲ್ಲರಿಗೂ ಲಭಿಸದು. ಆದರೆ ತಾಲ್ಲೂಕಿನ ಎಲ್ಲೆಯನ್ನೇ ದಾಟಿ ಅರಿಯದ ತಾಯಿಯ ಮಗನೊಬ್ಬನು ಹಾಸಿಗೆಯ ಸುರುಳಿಯನ್ನೂ ತಗಡಿನ ಟ್ರಂಕನ್ನೂ ಬಸ್ಸಿನ ಮೇಲೇರಿಸಿ ಶಿವಮೊಗ್ಗೆಯಲ್ಲಿಳಿದಾಗ, ಅವನೆದೆಯಲ್ಲಿ ಎದ್ದ ಅಳುಕು ಫ್ರಾನ್ಸಿನ ರೇವಿನಲ್ಲಿಳಿದವನ ಅಳುಕಿಗಿಂತ ಕಿರಿದಾಗಿತ್ತೆಂದು ಯಾರು ತಾನೆ ಹೇಳಬಲ್ಲರು?

ಮೊದಲು ಹೆಸರಿಸಿದ ಆ ನಾಲ್ಕು ಊರುಗಳೂ ಅಂದು ಒಂದೇ ದಿಕ್ಕಿಗೆ ಮುಖ ಮಾಡಿದವುಗಳಲ್ಲ. ಚನ್ನಗಿರಿ ಮತ್ತು ಹೊನ್ನಾಳಿಗಳು ಆಗ ಶಿವಮೊಗ್ಗ ಜಿಲ್ಲೆಯವಾಗಿದ್ದುವು. ನ್ಯಾಮತಿಯು ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿಯಾಗಿತ್ತು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ. ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1997ರಲ್ಲಿ, ದಾವಣಗೆರೆ ಜಿಲ್ಲೆಯು ರೂಪುಗೊಂಡ ಮೇಲೆಯೇ ಇವು ಒಂದಾದುವು. ಅದಕ್ಕೆ ಮೊದಲು ಅಡಿಕೆಯ ಸೀಮೆಯ ಹುಡುಗರು 1940ರಲ್ಲಿ ಆರಂಭವಾದ ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜನ್ನು ಕಣ್ಣ ಮುಂದಿರಿಸಿಕೊಂಡರೆ, ಮಳೆ ಕಡಿಮೆಯಾದ ಜಗಳೂರಿನ ಕಡೆಯವರು ಚಿತ್ರದುರ್ಗವನ್ನೋ ದಾವಣಗೆರೆಯನ್ನೋ ಸಿರಿಗೆರೆಯ ಮಠದ ಆಶ್ರಯವನ್ನೋ ನೆಚ್ಚಿ ನಡೆದರು. ಅನುಕೂಲವಿದ್ದವರು ರೂಮು ಮಾಡಿ ಸೀಮೆಎಣ್ಣೆಯ ಸ್ಟೌವಿನ ಮೇಲೆ ಅನ್ನ ಬೇಯಿಸಿಕೊಂಡರು. ಇಲ್ಲದವರು ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಉಂಡರು. ಅದಕ್ಕೂ ಹಿಂದಿನ ತಲೆಮಾರಿನವರಲ್ಲಿ ಕೆಲವರು ವಾರಾನ್ನದಿಂದ ಓದಿ ಮೇಲೆ ಬಂದರು. ಊರಿನ ಬಸ್ಸು ಬರುವ ಹೊತ್ತನ್ನೇ ಕಾದು ನಿಂತು, ಕಂಡಕ್ಟರನ ಕೈಯಿಂದ ರೊಟ್ಟಿ ಚಟ್ನಿಪುಡಿಗಳ ಗಂಟನ್ನು ಇಳಿಸಿಕೊಂಡು, ಅದನ್ನು ಕೋಣೆಯವರೆಲ್ಲರೂ ಹಂಚಿಕೊಂಡು ಉಂಡ ಋಣವು ರಕ್ತಸಂಬಂಧಕ್ಕೆ ಸಮನಾದುದು. ತಂದೆತಾಯಿಗಳೂ ಕಾಣದ ನಮ್ಮ ಆ ವಯಸ್ಸಿನ ಹಸಿವನ್ನೂ ಭಯವನ್ನೂ ಕಂಡವರು ಆ ಕೋಣೆಯ ಗೆಳೆಯರು ಮಾತ್ರ. ಆದುದರಿಂದಲೇ ಇಳಿವಯಸ್ಸಿನಲ್ಲಿ ಅವರ ಮುಖವನ್ನೊಮ್ಮೆ ಕಾಣಬೇಕೆಂಬ ಹಂಬಲವು ಅಷ್ಟು ಬಲವಾಗಿರುವುದು.

ಹೊನ್ನಾಳಿಯಲ್ಲಿ ಹೀಗೊಂದು ಸಮ್ಮಿಲನಕ್ಕೆ ನಾನು ಹೋಗಿದ್ದೆನು. ಅಧಿಕಾರಿಗಳಾಗಿ ನಿವೃತ್ತರಾದವರೂ, ಅಮೆರಿಕದಿಂದ ರಜೆಗೆ ಬಂದವರೂ ಮೊದಮೊದಲು ‘ನೀವು, ತಾವು’ ಎಂದು ಗಂಭೀರವಾಗಿ ಕೈ ಮುಗಿಯುತ್ತಿದ್ದರು, ಅಷ್ಟರಲ್ಲಿ ಬಿಳಿ ಪಂಚೆಯುಟ್ಟ ಒಬ್ಬನು ಹಿಂದಿನಿಂದ ಬಂದು ಭುಜದ ಮೇಲೆ ಕೈಯಿಟ್ಟು, “ಯಾರಂತ ಗೊತ್ತಾತೇನಲೇ?” ಎಂದು ಕೇಳಿದೊಡನೆಯೇ ಆ ಗಾಂಭೀರ್ಯವೆಲ್ಲ ಕರಗಿತು. ಬಳಿಕ ವೃದ್ಧರಾದ ಮೇಷ್ಟ್ರು ಕುರ್ಚಿಯಲ್ಲಿ ಕುಳಿತು, ಹಳೆಯ ದಾಖಲಾತಿಯಿಂದ ಎತ್ತಿ ಬರೆದ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಹಿಂದಿನಂತೆಯೇ ಹಾಜರಿ ಕರೆಯತೊಡಗಿದರು. ಬಂದವರು ತಮ್ಮ ಹೆಸರಿಗೆ ಓಗೊಟ್ಟರು. ಬಾರದವರ ಹೆಸರು ಬಂದಾಗ, ಪ್ರತಿಯೊಂದು ಸಲವೂ, ಆ ಪಂಚೆಯವನೇ ಎದ್ದು ನಿಂತು ಉತ್ತರ ಕೊಟ್ಟನು: “ಅವನು ತೀರಿಕೊಂಡ ಸಾರ್, ಅಡಿಕೆ ಕೊಯ್ಲಿನಾಗೆ.” “ಅವಳನ್ನ ಮಾಯಕೊಂಡದ ಕಡೆ ಕೊಟ್ಟಾರೆ, ಮೊಮ್ಮಕ್ಕಳು ಅದಾವೆ.”

ವಿಚಾರಿಸಲಾಗಿ ತಿಳಿದುದು ಇಷ್ಟು: ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದೆ ಆ ಪಂಚೆಯವನು ಊರಲ್ಲೇ ಉಳಿದಿದ್ದನು. ತಂದೆಯ ಗದ್ದೆಯನ್ನು ನೋಡಿಕೊಂಡು, ಸಂತೆಗಳಿಗೆ ಹೋಗಿಬರುತ್ತ, ಗೆಳೆಯರ ತಂದೆತಾಯಿಗಳು ಕಾಯಿಲೆ ಬಿದ್ದಾಗ ಶಿವಮೊಗ್ಗೆಯ ಆಸ್ಪತ್ರೆಗೆ ಕರೆದೊಯ್ದು, ಅವರ ಮರಣಗಳಲ್ಲಿ ಮಕ್ಕಳು ಬಂದು ತಲಪುವವರೆಗೆ ಮನೆಯಂಗಳದಲ್ಲಿ ಕಾದು ಕುಳಿತವನು ಅವನೇ. ದೂರ ಹೋದವರು ವಾಟ್ಸಾಪಿನಲ್ಲಿ ಗುಂಪು ರಚಿಸಿ ತಾವೇ ಎಲ್ಲರನ್ನೂ ಕೂಡಿಸಿದೆವೆಂದು ತಿಳಿದಿರಬಹುದು. ಆದರೆ ಆ ಗುಂಪಿಗೆ ಬೇಕಾದ ಒಂದೊಂದು ದೂರವಾಣಿ ಸಂಖ್ಯೆಯನ್ನೂ ಮನೆಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿ ತಂದವನು ಅವನು. ಹಾರದಲ್ಲಿ ಹೂಗಳೇ ಕಂಡರೂ ಹಿಡಿದು ನಿಲ್ಲಿಸುವುದು ಒಳಗಿನ ನೂಲಾಗಿರುವಂತೆ, ಊರು ಬಿಟ್ಟವರನ್ನೆಲ್ಲ ಕೂಡಿಸಿದುದು ಊರು ಬಿಡದಿದ್ದವನ ಬಾಳು.

ಇನ್ನು, ಹುಡುಕಲು ಅತ್ಯಂತ ಕಷ್ಟವಾದವರೆಂದರೆ ಹೆಣ್ಣುಮಕ್ಕಳು. ತಂದೆಯ ಇನಿಷಿಯಲ್ಲು ಹೋಗಿ ಗಂಡನದು ಬಂದು, ಕೆಲವೆಡೆ ಹೆಸರೇ ಬದಲಾಗಿ, ಕೊಟ್ಟ ಊರು ಹೊಳೆಯ ಆಚೆಗೋ ಗುಡ್ಡದ ಆಚೆಗೋ ಉಳಿದುಹೋದುದರಿಂದ, ತರಗತಿಗೇ ಮೊದಲಿಗಳಾಗಿದ್ದವಳು ಯಾವ ಪಟ್ಟಿಯಲ್ಲಿಯೂ ಸಿಕ್ಕದೆ ಹೋಗುವುದುಂಟು. ತಮ್ಮನನ್ನು ಓದಿಸಲು ತಾನು ಶಾಲೆ ಬಿಟ್ಟವಳು, ಪರೀಕ್ಷೆಗೆ ಮುನ್ನವೇ ಹಸೆಮಣೆ ಏರಿದವಳು, ಕರೆ ಬಂದರೂ “ನಾನ್ಯಾಕೆ ಅಲ್ಲಿಗೆ, ನಾನೇನು ಓದೀನಿ?” ಎಂದು ಹಿಂಜರಿಯುವಳು. ಅವಳನ್ನು ಕರೆತರಲು ದೂರವಾಣಿಯ ಮಾತು ಸಾಲದು. ಇಬ್ಬರು ಗೆಳತಿಯರು ಮನೆಗೆ ಹೋಗಿ, ಅರಿಶಿನ ಕುಂಕುಮ ಕೊಟ್ಟು, ಅವಳ ಅತ್ತೆಯೊಡನೆಯೂ ಸೊಸೆಯೊಡನೆಯೂ ಮಾತನಾಡಿ ಒಡಂಬಡಿಸಬೇಕಾಗುತ್ತದೆ. ಹಾಗೆ ಬಂದ ಒಬ್ಬಾಕೆಯು, ಹೆಸರು ಕರೆದಾಗ, ಮದುವೆಗೆ ಮುಂಚಿನ ತನ್ನ ಹೆಸರನ್ನು ಕೇಳಿದ ಸಂಭ್ರಮಕ್ಕೆ ಕ್ಷಣಕಾಲ ಓಗೊಡುವುದನ್ನೇ ಮರೆತಳು.

ಸಮ್ಮಿಲನದ ಯೋಗ್ಯತೆಯನ್ನು ಶಾಲು, ಫಲತಾಂಬೂಲ, ಹೋಳಿಗೆಯ ಊಟಗಳಿಂದ ಅಳೆಯಬಾರದೆಂಬುದು ನನ್ನ ದೃಢವಾದ ನಂಬುಗೆ. ಬೆಂಗಳೂರಿನಲ್ಲಿರುವವನು ತಾನಾಗಿ ಬರುವನು. ಫ್ರಾನ್ಸಿನಲ್ಲಿರುವವನೂ ವಿಮಾನ ಹತ್ತಿ ಬಂದಾನು. ತೇರ್ಗಡೆಯಾಗದವನನ್ನು, ನಡುವೆ ಶಾಲೆ ಬಿಟ್ಟವಳನ್ನು, ಕೂಲಿಗಾಗಿ ಗುಳೆ ಹೋಗಿ ಹಿಂದಿರುಗಿದವನನ್ನು ಹುಡುಕಿಕೊಂಡು ಎಷ್ಟು ದೂರ ನಡೆದರೆಂಬುದೇ ಆ ದಿನದ ನಿಜವಾದ ಮಾನದಂಡ. ಆದುದರಿಂದ ಇಂತಹ ಕೂಟಗಳನ್ನು ನೆರವೇರಿಸುವ ಸಜ್ಜನರಲ್ಲಿ ನನ್ನದೊಂದು ಬಿನ್ನಹ: ದಿನವನ್ನು ಗೊತ್ತುಮಾಡುವ ಮೊದಲು ದಾಖಲಾತಿ ಪುಸ್ತಕವನ್ನು ತೆರೆಯಿರಿ, ಅದರ ಕೊನೆಯ ಹೆಸರಿನವರೆಗೂ ಓದಿರಿ, ವೇದಿಕೆಯ ಮೊದಲ ಕುರ್ಚಿಗಳನ್ನು ಗುರುಗಳಿಗೆ ಮೀಸಲಿಟ್ಟ ಬಳಿಕ ಮುಂದಿನದನ್ನು ಊರಲ್ಲಿ ಉಳಿದವನಿಗೆ ಕೊಡಿರಿ.