ದ್ಯುರೋಲ್ ದಂಡೆಯ ಚಾಕುಗಳ ಊರು

ಫ್ರಾನ್ಸಿನ ನಡುಭಾಗದ ಓವರ್ನ್ ಪ್ರಾಂತ್ಯದಲ್ಲಿ, ಕ್ಲೆರ್ಮೋಂ-ಫೆರಾಂ ನಗರದಿಂದ ಪೂರ್ವಕ್ಕೆ ಸುಮಾರು 40 ಕಿ.ಮೀ. ಸಾಗಿದರೆ ಗುಡ್ಡದ ಮೈಗೆ ಅಂಟಿಕೊಂಡಂತೆ ಒಂದು ಊರು ಕಾಣಿಸುತ್ತದೆ. ಅದೇ ತಿಯೇರ್. ಏದುಸಿರು ಬರಿಸುವ ಕಡಿದಾದ ಓಣಿಗಳು, ಮರದ ತೊಲೆಗಳು ಹೊರಗೇ ಕಾಣುವ ಹಳೆಯ ಮನೆಗಳು, ಕೆಳಗೆ ಬಂಡೆಗಳ ನಡುವೆ ಭೋರ್ಗರೆಯುವ ದ್ಯುರೋಲ್ ಎಂಬ ಪುಟ್ಟ ಹೊಳೆ. ಹಳೆಯ ಪೇಟೆಯಲ್ಲಿ ಎತ್ತ ತಿರುಗಿದರೂ ಚಾಕುವಿನ ಅಂಗಡಿ. ಫ್ರಾನ್ಸಿನಲ್ಲಿ ತಯಾರಾಗುವ ಚಾಕುಗಳಲ್ಲಿ ಬಹುಪಾಲು ಈ ಊರು ಮತ್ತು ಸುತ್ತಲ ಹಳ್ಳಿಗಳಲ್ಲೇ ಹುಟ್ಟುತ್ತವೆ.

ಸೋಜಿಗವೆಂದರೆ, ಇಲ್ಲಿ ಕಬ್ಬಿಣದ ಅದಿರು ಸಿಗುವುದಿಲ್ಲ. ಕಬ್ಬಿಣ, ಉಕ್ಕು ಎಲ್ಲವೂ ಹೊರಗಿನಿಂದಲೇ ಬರಬೇಕು. ಊರಿಗೆ ಸ್ವಂತದ್ದು ಎಂದು ಇದ್ದದ್ದು ಹೊಳೆಯ ರಭಸ, ಮತ್ತೆ ಜನರ ಕೈಚಳಕ. ಮಧ್ಯಯುಗದಿಂದಲೂ ದ್ಯುರೋಲ್ ನೀರು ಮರದ ಚಕ್ರಗಳನ್ನು ತಿರುಗಿಸಿತು; ಆ ಚಕ್ರಗಳು ಸಾಣೆಕಲ್ಲುಗಳನ್ನು ತಿರುಗಿಸಿದವು. ಸಾಣೆಗಾರ ಕುಳಿತು ಕೆಲಸ ಮಾಡುತ್ತಿರಲಿಲ್ಲ. ಕಲ್ಲಿನ ಮೇಲೆ ಚಾಚಿದ ಹಲಗೆಯಲ್ಲಿ ಹೊಟ್ಟೆಯಡಿಯಾಗಿ ಮಲಗಿ, ಎರಡೂ ಕೈಯಿಂದ ಅಲಗನ್ನು ಕಲ್ಲಿಗೆ ಒತ್ತಿ ಹಿಡಿಯುತ್ತಿದ್ದ. ಚಳಿಗಾಲದಲ್ಲಿ ಆ ತೇವದ ಮನೆ ಹಿಮದ ಗುಹೆಯೇ ಸರಿ. ಅದಕ್ಕೆ ಅವನು ಕಂಡುಕೊಂಡ ಉಪಾಯ ನಾಯಿ! ಕಾಲಿನ ಮೇಲೆ ನಾಯಿ ಮಲಗಿ ಯಜಮಾನನಿಗೆ ಕಾವು ಕೊಡುತ್ತಿತ್ತು. ಕಲ್ಲಿನ ಹಳದಿ ರಾಡಿ ಸಿಡಿದು ಮೈಗೆ ಮೆತ್ತುತ್ತಿದ್ದುದರಿಂದ ಇವರಿಗೆ ‘ಹಳದಿ ಹೊಟ್ಟೆಯವರು’ ಎಂಬ ಅಡ್ಡಹೆಸರೇ ಬಿತ್ತು. ಹೆಸರು ತಮಾಷೆಯದು, ಬದುಕು ಅಲ್ಲ. ತಿರುಗುವ ಕಲ್ಲು ಒಡೆದು ಸಿಡಿದರೆ ಪ್ರಾಣಕ್ಕೇ ಸಂಚಕಾರ. ಸಿಡಿಯದಿದ್ದರೆ ಅದರ ದೂಳು ಶ್ವಾಸಕೋಶವನ್ನು ಮೆಲ್ಲಗೆ ತಿನ್ನುತ್ತಿತ್ತು. ಇಂಥ ಕೊನೆಯ ಸಾಣೆಮನೆ 1976ರವರೆಗೂ ನಡೆಯಿತು. ಈಗ ಅದು ಪ್ರವಾಸಿಗರು ನೋಡಿ ಬರುವ ಜಾಗ.

ಇಲ್ಲಿ ಒಂದು ಚಾಕುವನ್ನು ಒಬ್ಬನೇ ಮಾಡಿದ್ದು ಕಡಿಮೆ. ಒಬ್ಬ ಬಡಿದ, ಇನ್ನೊಬ್ಬ ಸಾಣೆ ಹಿಡಿದ, ಮತ್ತೊಬ್ಬ ಕೊಂಬಿನ ಹಿಡಿ ಕೊರೆದ, ನಾಲ್ಕನೆಯವ ಎಲ್ಲವನ್ನೂ ಜೋಡಿಸಿದ. ಹೀಗೆ ಹಲವು ಮನೆ ಸುತ್ತಿ ಬಂದ ವಸ್ತುವಿಗೆ ಹೊಣೆ ಯಾರು? ಅಲಗಿನ ಬುಡದಲ್ಲಿ ಒತ್ತಿದ ಮುದ್ರೆಯೇ ಹೊಣೆ. ಊರಿನ ಚಾಕು ಸಂಗ್ರಹಾಲಯಕ್ಕೆ ಹೋದವರು ಅಲಂಕಾರದ ಚಾಕುಗಳ ಮುಂದೆ ನಿಂತುಬಿಡುತ್ತಾರೆ. ನಿಜವಾಗಿ ನೋಡಬೇಕಾದದ್ದು ಈ ಮುದ್ರೆಗಳನ್ನು.

ಏಕೆಂದರೆ ಇಲ್ಲಿ ಹೆಸರು ನಂಬಿದವರು ಮೋಸಹೋಗುತ್ತಾರೆ. ಮಡಚುವ ಚಾಕುಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಹೆಸರು ‘ಲಾಗಿಯೋಲ್’. (ಬರೆಯುವುದು ಹಾಗೆ, ಅಲ್ಲಿಯವರ ಬಾಯಲ್ಲಿ ಅದು ‘ಲಾಯೋಲ್’.) ಅದು ದಕ್ಷಿಣಕ್ಕೆ ಬಹುದೂರದ ಒಬ್ರಾಕ್ ಬೆಟ್ಟಸೀಮೆಯ ಹಳ್ಳಿ. 1829ರ ಸುಮಾರಿಗೆ ಅಲ್ಲಿ ಹುಟ್ಟಿದ ಚಾಕುವಿನ ತಯಾರಿಕೆ ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ತಿಯೇರ್‌ಗೆ ಬಂದುಬಿಟ್ಟಿತು. 1987ರಲ್ಲಷ್ಟೇ ಹಳ್ಳಿಯಲ್ಲಿ ಮತ್ತೆ ಕಾರ್ಖಾನೆ ಎದ್ದಿತು. ಅಷ್ಟರಲ್ಲಿ, 1993ರಲ್ಲಿ, ಹೊರಗಿನ ವ್ಯಾಪಾರಿಯೊಬ್ಬ ಆ ಹೆಸರನ್ನು ಬಗೆಬಗೆಯ ಸರಕುಗಳಿಗೆ ನೋಂದಾಯಿಸಿಕೊಂಡ. ತಮ್ಮ ಊರಿನ ಹೆಸರೇ ತಮ್ಮದಲ್ಲ ಎಂಬ ಸ್ಥಿತಿ ಬಂದಾಗ ಹಳ್ಳಿಗರು 2012ರಲ್ಲಿ ಊರಿನ ನಾಮಫಲಕವನ್ನೇ ಕಿತ್ತು ಪ್ರತಿಭಟಿಸಿದರು. 2019ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಹಳ್ಳಿಯ ಪರ ತೀರ್ಪು ಕೊಟ್ಟಿತು. ಈ ಜಗಳದ ಸಂದಿಯಲ್ಲಿ ಏಷ್ಯಾದ ಅಗ್ಗದ ಚಾಕುಗಳೂ ಅದೇ ಹೆಸರು, ಅದೇ ಜೇನುನೊಣದ ಚಿಹ್ನೆ ಹೊತ್ತು ಅಂಗಡಿಗಳಲ್ಲಿ ಕುಳಿತವು. ಆ ಜೇನುನೊಣವನ್ನು ನೆಪೋಲಿಯನ್ ದಯಪಾಲಿಸಿದ ಎಂದು ಅಂಗಡಿಯವರು ಹೇಳುವ ಕಥೆಗೂ ಆಧಾರವಿಲ್ಲ.

ಅಡುಗೆಮನೆಯ ನೇರ ಚಾಕುಗಳಲ್ಲಿ ಇದೇ ಪಾಡು ‘ಸಬಾತಿಯೇ’ ಹೆಸರಿನದು. ಅದು ತಿಯೇರ್‌ನದೇ ಮನೆತನದ ಹೆಸರು. ಟ್ರೇಡ್‌ಮಾರ್ಕ್ ಕಾನೂನು ಬಿಗಿಯಾಗುವ ಮೊದಲೇ ಹಲವರ ಪಾಲಾದ್ದರಿಂದ ಬೇರೆ ಬೇರೆ ತಯಾರಕರು ಅದನ್ನು ಬಳಸುತ್ತಾರೆ. ಅದರ ಹಿಂದೆಯೋ ಮುಂದೆಯೋ ಇರುವ ಅಕ್ಷರ, ಆನೆ, ನಕ್ಷತ್ರದಂಥ ಗುರುತುಗಳೇ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು.

ಹಾಗಾದರೆ ಆರಿಸುವುದು ಹೇಗೆ? ತಿಳಿದವರು ಮೊದಲು ಕಣ್ಣಿಗೆ, ಆಮೇಲೆ ಬೆರಳಿಗೆ ಕೆಲಸ ಕೊಡುತ್ತಾರೆ. ಮಡಚುವ ಚಾಕುವಾದರೆ, ಮಡಚಿದಾಗ ಅಲಗು ಹಿಡಿಯ ಸೀಳಿನ ನಟ್ಟನಡುವೆ ಕೂರಬೇಕು; ಬಿಚ್ಚಿದಾಗ ಅತ್ತಿತ್ತ ಅಲ್ಲಾಡಕೂಡದು. ಲಾಗಿಯೋಲ್‌ನಲ್ಲಿ ಜೇನುನೊಣ ಸ್ಪ್ರಿಂಗಿನ ಉಕ್ಕಿನಲ್ಲೇ ಬಡಿದು ಮೂಡಿಸಿದ್ದೋ, ಮೇಲೆ ಬೆಸೆದದ್ದೋ ನೋಡಬೇಕು. ಬಡಿದದ್ದಕ್ಕೆ ಬೆಲೆ ಹೆಚ್ಚು, ಹೆಚ್ಚಿರುವುದು ನ್ಯಾಯವೂ ಹೌದು. ಮುಚ್ಚುವಾಗ ‘ಟಪ್’ ಎಂದು ಬಿಡಬಾರದು. ಬಾಯಿ ಸ್ಪ್ರಿಂಗಿಗೆ ತಾಗಿ ಹಲ್ಲು ಬೀಳಬಹುದು. ನೇರ ಚಾಕುವಾದರೆ, ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಸಾಗಿದ್ದರೆ ಒಳ್ಳೆಯದು. ರಿವೆಟ್ಟುಗಳ ಮೇಲೆ ಬೆರಳಾಡಿಸಿದರೆ ಮರ ಎಲ್ಲಿ ಮುಗಿಯಿತು, ಲೋಹ ಎಲ್ಲಿ ಶುರುವಾಯಿತು ಎಂದು ತಿಳಿಯಬಾರದು. ಇನ್ನು ಉಕ್ಕಿನ ಮಾತು. ಕಾರ್ಬನ್ ಉಕ್ಕು ಸಾಣೆಗೆ ಬೇಗ ಒಲಿಯುತ್ತದೆ, ಆದರೆ ಒರೆಸಿಡದಿದ್ದರೆ ತುಕ್ಕು ಹಿಡಿಯುತ್ತದೆ. ಮರೆಗುಳಿಗಳಿಗೆ ಸ್ಟೇನ್‌ಲೆಸ್ ವಾಸಿ.

ಹೆಸರಿನ ಗೊಂದಲಕ್ಕೆ ತಿಯೇರ್‌ನವರು 1990ರ ದಶಕದಲ್ಲಿ ತಾವೇ ಒಂದು ದಾರಿ ಹುಡುಕಿದರು. ಕುಶಲಕರ್ಮಿಗಳೆಲ್ಲ ಒಂದು ಕೂಟ ಕಟ್ಟಿ, ‘ಲ ತಿಯೇರ್’ ಎಂಬ ಹೊಸ ಚಾಕುವಿನ ಆಕಾರ ಗೊತ್ತುಮಾಡಿದರು. ಬೆನ್ನು ಬಾಗಿದ ಆ ರೇಖೆ ಎಲ್ಲರಿಗೂ ಒಂದೇ. ಹಿಡಿಯ ಮರ, ಕೊಂಬು, ಕೆತ್ತನೆ ಅವರವರ ಇಷ್ಟ. ಆದರೆ ಅಲಗಿನ ಮೇಲೆ ಕೂಟದ ಗುರುತಿನ ಜತೆಗೆ ಮಾಡಿದವನ ಮುದ್ರೆಯೂ ಇರಲೇಬೇಕು. ಕೊಳ್ಳುವವರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ: ಒಂದೇ ಆಕಾರದ ಹತ್ತು ಚಾಕುಗಳನ್ನು ಪಕ್ಕಪಕ್ಕ ಇಟ್ಟರೆ ಯಾರ ಕೈ ಎಂಥದ್ದೆಂದು ಹೊಸಬರಿಗೂ ಕಾಣುತ್ತದೆ.

ರಜೆಯಲ್ಲಿ ಬಂದ ಕುಟುಂಬಗಳಿಗೆ ಕೆಲವು ಕಮ್ಮಟಗಳಲ್ಲಿ ತಮ್ಮ ಚಾಕುವನ್ನು ತಾವೇ ಜೋಡಿಸಲು ಅವಕಾಶವುಂಟು. ಹದಿಹರೆಯದವರು ಮೂತಿ ಬಿಗಿದು ಪುಟ್ಟ ಸುತ್ತಿಗೆಯಿಂದ ರಿವೆಟ್ಟು ಬಡಿಯುವುದು, ಬಳಿಯಲ್ಲೇ ನಿಂತ ಕಸುಬುದಾರ ಅಲಗು ಅಲ್ಲಾಡುತ್ತದೆಯೇ ಎಂದು ಪರೀಕ್ಷಿಸುವುದು ಅಲ್ಲಿಯ ನೋಟ. ಹೀಗೆ ಮಾಡಿಕೊಂಡದ್ದನ್ನು ವಿಮಾನದ ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಕಳೆದುಕೊಳ್ಳಬೇಕಾದೀತು, ದೊಡ್ಡ ಪೆಟ್ಟಿಗೆಯೊಳಗೇ ಇಡಬೇಕು. ಇನ್ನು ಯಾರಿಗಾದರೂ ಉಡುಗೊರೆ ಕೊಡುವುದಾದರೆ ಅಲ್ಲಿಯದೊಂದು ನಂಬಿಕೆಯುಂಟು: ಚಾಕು ಪಡೆದವರು ಬದಲಿಗೆ ಒಂದು ಪುಡಿ ನಾಣ್ಯವನ್ನಾದರೂ ಕೊಡಬೇಕು, ಇಲ್ಲದಿದ್ದರೆ ಸ್ನೇಹ ಕತ್ತರಿಸಿಹೋಗುತ್ತದಂತೆ. ಮೊಮ್ಮಗನಿಗೆ ಮೊದಲ ಜೇಬುಚಾಕು ಕೊಡಿಸುವ ಅಜ್ಜನೂ ಆ ಒಂದು ನಾಣ್ಯವನ್ನು ಬಿಡುವುದಿಲ್ಲ.