ರಾತ್ರಿ ಒಂಬತ್ತರ ಗೇಟು

ಗುಂಡ್ಲುಪೇಟೆಯ ತರಕಾರಿಗೆ ಕೇರಳವೇ ದೊಡ್ಡ ಗಿರಾಕಿ. ತೆರಕಣಾಂಬಿ, ಬೇಗೂರು, ಹಂಗಳದ ಹೊಲಗಳ ಟೊಮೆಟೊ, ಬೀನ್ಸ್, ಬೀಟ್‌ರೂಟ್, ಸಣ್ಣ ಈರುಳ್ಳಿ, ನೇಂದ್ರ ಬಾಳೆ ಬಂಡೀಪುರದ ಕಾಡು ದಾಟಿ ಸುಲ್ತಾನ್ ಬತ್ತೇರಿ, ಕಲ್ಲಿಕೋಟೆ ಸೇರುತ್ತವೆ. ನಾನು ಇಲ್ಲಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದಾಗ ಅದು ರಾತ್ರಿಯ ವ್ಯಾಪಾರ. ಮಧ್ಯಾಹ್ನ ಕೊಯ್ಲು, ಸಂಜೆ ತೂಕ, ಊಟ ಮುಗಿಸಿ ಲೋಡು. ಹತ್ತಕ್ಕೆ ಹೊರಟ ಲಾರಿ ಬೆಳಗಾಗುವುದರೊಳಗೆ ಕಲ್ಲಿಕೋಟೆಯಲ್ಲಿ. ಬಿಸಿಲು ಕಾಣದ ಮಾಲಿಗೆ ಅಲ್ಲಿ ಒಳ್ಳೆಯ ರೇಟು.

2009ರ ಜೂನ್‌ನಲ್ಲಿ ಜಿಲ್ಲಾಧಿಕಾರಿಗಳು ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಆದೇಶ ಹಿಂದೆ ಸರಿಯಿತು. ಜುಲೈನಲ್ಲಿ ಹೈಕೋರ್ಟ್ ಅದನ್ನು ಮತ್ತೆ ಜಾರಿಗೆ ತಂದಿತು, 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಆಗ 212, ಈಗ 766 ಎನ್ನುವ ಹೆದ್ದಾರಿಗೂ ಊಟಿ ರಸ್ತೆಗೂ ಒಂದೇ ನಿಯಮ. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೂ ಬೆರಳೆಣಿಕೆಯ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಬಳಸಿ ಹೋಗಲು ಹುಣಸೂರು, ಗೋಣಿಕೊಪ್ಪ, ಕುಟ್ಟದ ದಾರಿ ಇದೆ ಎಂದರು. ಮೈಸೂರಿನವರಿಗೆ ಅದು ಸುತ್ತು ಅಷ್ಟೆ. ನಮ್ಮ ಲಾರಿ ಆ ದಾರಿ ಹಿಡಿಯಲು ಮೊದಲು ಅರವತ್ತು ಕಿಲೋಮೀಟರ್ ಹಿಂದಕ್ಕೆ, ಮೈಸೂರಿಗೇ ಹೋಗಬೇಕು.

ಕೊಯ್ಲನ್ನು ಬೆಳಗಿನ ಜಾವಕ್ಕೆ ತನ್ನಿ, ಸಂಜೆ ನಾಲ್ಕು ಗಂಟೆಯೊಳಗೆ ಲೋಡು ಮುಗಿಸೋಣ ಎಂದರು ನಮ್ಮ ಸಾವ್ಕಾರರು. ಮಂಡಿಯಲ್ಲಿ ಯಾರೂ ಒಪ್ಪಲಿಲ್ಲ. ರೈತರು ಹಟ ಹಿಡಿದಿದ್ದಾರೆ ಎಂದೇ ಪೇಟೆಯಲ್ಲಿ ಮಾತು. ಆದರೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದಾಗ ಸಿಕ್ಕಿದ್ದು ಬೇರೆ ಬೇರೆ ಕಾರಣಗಳು. ಕಾಡಂಚಿನ ಹಂಗಳದ ಕಡೆಯ ಹಿರಿಯರೊಬ್ಬರು, “ಹೊತ್ತು ಮೂಡೋಕೆ ಮುಂಚೆ ಹೊಲಕ್ಕೆ ಹೋದ್ರೆ ಆನೆ ನಿಂತಿರ್ತದೆ ಸಾವ್ಕಾರ್ರೆ, ಯಾರನ್ನ ಕಳಿಸ್ಲಿ?” ಎಂದರು. ಟೊಮೆಟೊ ಬಿಡಿಸುವ ಹೆಂಗಸರು, ಮಕ್ಕಳಿಗೆ ಹಿಟ್ಟು ಬೇಯಿಸಿ ಸ್ಕೂಲಿಗೆ ಕಳಿಸದೆ ಬರುವುದಿಲ್ಲ ಎಂದರು. ಹಮಾಲರು ಬೆಳಿಗ್ಗೆ ಬೇರೆ ಅಂಗಡಿಗಳ ಮೂಟೆ ಹೊತ್ತು, ರಾತ್ರಿ ನಮ್ಮಲ್ಲಿ ಲೋಡು ಮಾಡಿ ಎರಡು ಕೂಲಿ ಪಡೆಯುತ್ತಿದ್ದರು. ಹೊಸ ಸಮಯದಲ್ಲಿ ಒಂದು ಕೂಲಿ ಹೋಗುತ್ತಿತ್ತು. ಇವರೆಲ್ಲರಿಗೂ ಇದ್ದ ಅಂಜಿಕೆ ಇನ್ನೊಂದು: ರಾತ್ರಿ ಒಂಬತ್ತರೊಳಗೆ ಕಾಡಿನ ರಸ್ತೆಯ ಮದ್ದೂರು ಚೆಕ್‌ಪೋಸ್ಟ್ ಮುಟ್ಟದೆ ಮಾಲು ಕೊಳೆತರೆ ನಷ್ಟ ಯಾರ ತಲೆಗೆ?

ಸಾವ್ಕಾರರು ಉಪದೇಶ ನಿಲ್ಲಿಸಿದರು. ಕಾಡಂಚಿನ ಹೊಲಗಳಿಗೆ ಬೆಳಕು ಹರಿದ ಮೇಲೆಯೇ ಕೊಯ್ಲು, ಅವರ ಮಾಲು ಕೊನೆಯ ಲಾರಿಗೆ. ಹೆಂಗಸರು ಬರುವುದು ಎಂಟೂವರೆಗೆ, ಬಿಡಿಸಿದ ಕ್ರೇಟುಗಳಿಗೆ ಹೊಲದಲ್ಲೇ ತೂಕ. ಹಮಾಲರಿಗೆ ಲೋಡಿನ ಕೂಲಿ ಹೆಚ್ಚಿತು. ತೂಕವಾದ ಮೇಲೆ ಗೇಟು ತಪ್ಪಿದರೆ ನಷ್ಟ ಮಂಡಿಯದು ಎಂದು ರೈತರ ಪಟ್ಟಿಯ ಮೇಲೆ ನಾನೇ ಬರೆದುಕೊಡುತ್ತಿದ್ದೆ. ಆ ಒಂದು ಸಾಲು ಮಾಡಿದ ಕೆಲಸವನ್ನು ಯಾವ ಸಭೆಯೂ ಮಾಡಲಿಲ್ಲ. ನಷ್ಟ ತಮ್ಮದಾದ ಮೇಲೆ ಮಂಡಿಯವರೂ ಗಡಿಯಾರ ನೋಡಿ ಕೆಲಸ ಮಾಡುವುದನ್ನು ಕಲಿತರು. ಮೊದಮೊದಲು ಕೆಲವು ಲೋಡು ನಿಂತವು, ಬಾಡಿದ ಬೀನ್ಸಿಗೆ ರೇಟು ಬಿತ್ತು. ಕ್ರಮೇಣ ಕಲ್ಲಿಕೋಟೆಯ ವ್ಯಾಪಾರಿಗಳೂ ಹೊಸ ಹೊತ್ತಿಗೆ ಒಗ್ಗಿದರು.

ಕಾಡಿಗೆ ಅದರ ರಾತ್ರಿ ಸಿಗಲೇಬೇಕಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಆನೆ ಹಿಂಡು ರಸ್ತೆ ದಾಟುವ ಜಾಗದಲ್ಲಿ ಲಾರಿಗಳು ನುಗ್ಗುತ್ತಿದ್ದುದನ್ನು ಕಂಡವನು ನಾನು. ಆದರೆ ಆ ರಾತ್ರಿಯ ಬೆಲೆಯನ್ನು ಕೊಯ್ಲಿನ ಹೆಂಗಸರೂ ಹಮಾಲರೂ ಮಾತ್ರ ತೆರುವುದು ನ್ಯಾಯವಲ್ಲ. 2019ರಲ್ಲಿ ಹಗಲಿಗೂ ರಸ್ತೆ ಮುಚ್ಚುವ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂದಾಗ ಬತ್ತೇರಿಯಲ್ಲಿ ಯುವಕರು ಉಪವಾಸ ಕೂತರು. ನಮ್ಮ ಮಂಡಿಗಳಲ್ಲೂ ಹಳೆಯ ಅಂಜಿಕೆ ಎದ್ದಿತು. ಇಂಥ ಬದಲಾವಣೆ ತರುವವರು ಯಾರೇ ಆಗಲಿ, ಬೇಡ ಎಂದವರ ಬಳಿಗೇ ಮೊದಲು ಹೋಗಬೇಕು. ಎಲ್ಲಿ ಪೆಟ್ಟು ಬೀಳುತ್ತದೆ ಎಂಬುದು ಅವರಿಗೇ ಸರಿಯಾಗಿ ಗೊತ್ತಿರುತ್ತದೆ.